ಸಂಧಿಯಲ್ಲಿ ಸೋರಿಕೆ

ಕನ್ನಡ ಕಲಿಸುವ ಮೇಷ್ಟರೊಬ್ಬರು ಬಿಯರಿನ ಪೀಪಾಯಿಯ ವಿಷಯ ಬರೆಯಹೊರಟರೆ ಓದುಗರು ಹುಬ್ಬೇರಿಸುವುದು ಸಹಜ. ಆದುದರಿಂದ ಮೊದಲೇ ಹೇಳಿಬಿಡುತ್ತೇನೆ: ನಾನು ಬಿಯರ್ ಕುಡಿಯುವವನಲ್ಲ. ಇದು ಸದಾಚಾರದ ಹೆಮ್ಮೆಯ ಮಾತಲ್ಲ. ಅದರ ಕಹಿ ನನ್ನ ನಾಲಗೆಗೆ ಹಿಡಿಸಲಿಲ್ಲ, ಅಷ್ಟೆ. ಆದರೂ ಎರಡು ವರ್ಷದ ಹಿಂದೆ ಬೇಸಿಗೆಯ ರಜದಲ್ಲಿ ಮೂರು ದಿನ ನಾನು ಒಂದು ಬಿಯರಿನ ಪೀಪಾಯಿಯ ಸೇವೆಯಲ್ಲಿ ನಿರತನಾಗಿದ್ದೆ. ಅದರಿಂದ ಗಾಳಿ ಸೋರುತ್ತಿತ್ತು. ಎಲ್ಲಿಂದ ಎಂಬುದು ತಿಳಿಯದು. ಹಳಗನ್ನಡ ಕಾವ್ಯದ ಪಾಠಾಂತರಗಳನ್ನು ಹುಡುಕುವುದರಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ, ಆ ಮೂರು ದಿನಗಳ ಹುಡುಕಾಟ ಕಲಿಸಿದಷ್ಟನ್ನು ಬೇರೆ ಯಾವ ಗ್ರಂಥಸಂಪಾದನೆಯೂ ಕಲಿಸಿರಲಿಲ್ಲವೆಂದು ಈಗ ತೋರುತ್ತದೆ.

ನನ್ನ ತಮ್ಮ ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿದ್ದಾನೆ. ವೃತ್ತಿಯಿಂದ ಎಂಜಿನಿಯರು. ನಮ್ಮಿಬ್ಬರಿಗೂ ವಯಸ್ಸಿನ ಅಂತರ ಮೂರೇ ವರ್ಷ. ಆದರೆ ತಂದೆಯವರು 2011ರಲ್ಲಿ ತೀರಿಕೊಂಡ ಮೇಲೆ ನಮ್ಮ ನಡುವಿನ ಮಾತು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಿತ್ತು. ಜಗಳವೇನೂ ಆಗಿರಲಿಲ್ಲ. ಭಾನುವಾರದ ದೂರವಾಣಿ ತಪ್ಪುತ್ತಿರಲಿಲ್ಲ. ಹವೆ ಹೇಗಿದೆ, ಮೈ ಹೇಗಿದೆ, ಮಕ್ಕಳ ಓದು ಹೇಗಿದೆ ಎಂಬಲ್ಲಿಗೆ ಹತ್ತು ನಿಮಿಷ ತುಂಬುತ್ತಿತ್ತು. ಆಮೇಲೆ ಇಬ್ಬರೂ ಒಟ್ಟಿಗೇ, "ಸರಿ ಹಾಗಾದರೆ" ಎನ್ನುತ್ತಿದ್ದೆವು. ಅವನು ಮೂರು ಸಲ ಕರೆದ ಮೇಲೆ, ಕರೆಯದೆ ಹೋದರೆ ತಪ್ಪಾದೀತು ಎಂಬಂಥ ಮನಸ್ಸಿನಿಂದ ನಾನು ಹೊರಟೆ.

ಪೋರ್ಟ್‌ಲ್ಯಾಂಡಿನಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ಬಹಳ ಮಂದಿ. ನಗರದ ದಕ್ಷಿಣಕ್ಕೆ ಹಬ್ಬಿರುವ ವಿಲ್ಯಾಮೆಟ್ ಕಣಿವೆಯಲ್ಲಿ ಬಿಯರಿಗೆ ಕಹಿಯನ್ನೂ ಕಂಪನ್ನೂ ಕೊಡುವ ಹಾಪ್ಸ್ ಎಂಬ ಬಳ್ಳಿಯ ಬೇಸಾಯವಿದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು ಬಿಸಿನೀರಿನಲ್ಲಿ ನೆನೆಸಿದರೆ ಸಿಹಿರಸ ಇಳಿಯುತ್ತದೆ. ಅದಕ್ಕೆ ಹಾಪ್ಸ್ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಇಟ್ಟರೆ ಒಂದೆರಡು ವಾರದಲ್ಲಿ ಹುದುಗು ತನ್ನ ಕೆಲಸ ಮುಗಿಸುತ್ತದೆ. ನಮ್ಮ ಮನೆಗಳಲ್ಲಿ ದೋಸೆಯ ಹಿಟ್ಟು ಉಕ್ಕುವುದೂ ಇದೇ ಬಗೆಯ ಕಾಣದ ಜೀವಿಗಳ ದುಡಿಮೆಯಿಂದ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತಷ್ಟೆ. ಅದು ಅಳಿದ ಮೇಲೂ ಮನೆಯ ಬಿಯರಿಗೆ ಒಕ್ಕೂಟದ ಕಾನೂನಿನ ಒಪ್ಪಿಗೆ ಸಿಕ್ಕಿದ್ದು ಬಹಳ ತಡವಾಗಿ. 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಅದಕ್ಕೆ ಸಂಬಂಧಿಸಿದ ಮಸೂದೆಗೆ ಸಹಿ ಮಾಡಿದರು. ಮರುವರ್ಷ ಫೆಬ್ರವರಿ 1ರಿಂದ ಅದು ಜಾರಿಗೆ ಬಂದಿತು. ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಒಬ್ಬರೇ ಇದ್ದರೆ 100 ಗ್ಯಾಲನ್. ಮಾರುವಂತಿಲ್ಲ. ಮಿಸಿಸಿಪಿ ಮತ್ತು ಅಲಬಾಮ ರಾಜ್ಯಗಳು ಇದಕ್ಕೆ ತಲೆಯಾಡಿಸಿದ್ದು 2013ರಲ್ಲಿ. ನಮ್ಮಲ್ಲಿಯಾದರೋ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಪ್ರಕಾರ ಅಪರಾಧ. ಆದುದರಿಂದ ಈ ಲೇಖನವನ್ನು ಯಾರೂ ಪಾಕಶಾಸ್ತ್ರವೆಂದು ಓದಬಾರದು.

ನಾನು ಹೋದ ಎರಡನೆಯ ವಾರ, ಗುರುವಾರ ಸಂಜೆ, ತಮ್ಮ ನೆಲಮಾಳಿಗೆಯಿಂದ ಮೇಲೆ ಬಂದ. ಮುಖ ಬಾಡಿತ್ತು. "ಮತ್ತೆ ಖಾಲಿ, ಅಣ್ಣ" ಎಂದ. ಏನೆಂದು ಕೇಳಿದೆ. ಕೆಳಗೆ ಕರೆದುಕೊಂಡು ಹೋದ. ಒಂದು ಹಳೆಯ ಫ್ರಿಜ್ಜಿನ ಬಾಗಿಲು ತೆಗೆದ. ಒಳಗೆ ಮೊಳಕಾಲೆತ್ತರದ ಉಕ್ಕಿನ ಪೀಪಾಯಿ, ಪಕ್ಕದಲ್ಲಿ ಅನಿಲದ ಸಣ್ಣ ಸಿಲಿಂಡರ್, ನಡುವೆ ಕೊಳವೆ. ಸಿಲಿಂಡರಿನ ತಲೆಯ ಮೇಲಿನ ಗಡಿಯಾರದಂಥ ಎರಡು ಮಾಪಕಗಳಲ್ಲೂ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಸಿಲಿಂಡರ್ ತುಂಬಿಸಿ ಎರಡು ವಾರವಾಗಿತ್ತಂತೆ. ಅದರಲ್ಲಿ ಹಿಡಿಯುವುದು 5 ಪೌಂಡ್, ಎಂದರೆ ಎರಡೂಕಾಲು ಕಿಲೋ ಇಂಗಾಲದ ಡೈಆಕ್ಸೈಡ್. ಒಂದು ಪೀಪಾಯಿ ಬಿಯರಿಗೆ ಹುರುಪು ತುಂಬಿ, ಅದನ್ನು ಲೋಟಗಳಿಗೆ ತಳ್ಳಿ ಮುಗಿಸುವುದಕ್ಕೆ ಹೆಚ್ಚೆಂದರೆ ಇನ್ನೂರು ಗ್ರಾಂ ಸಾಕು. ಹತ್ತು ಪೀಪಾಯಿಗಾದರೂ ಬರಬೇಕಾದುದು ಒಂದಕ್ಕೇ ಮುಗಿದಿತ್ತು. ಅದೂ ಮೂರನೆಯ ಸಲ. ಭಾನುವಾರ ಊಟಕ್ಕೆ ಹತ್ತು ಮಂದಿ ಬರುವವರಿದ್ದರು. ಒಳಗಿನ ಬಿಯರ್ ತಣ್ಣನೆಯ ಕಷಾಯವಾಗಿತ್ತು.

ಅದು ಅವನ ಚಿಂತೆ. ನನ್ನ ಚಿಂತೆ ಬೇರೆಯಿತ್ತು. ಆ ಫ್ರಿಜ್ಜಿನಿಂದ ನಾಲ್ಕು ಮಾರು ದೂರದಲ್ಲಿ ಅವನ ಮಗಳ ಓದುವ ಮೇಜಿತ್ತು. ನೆಲಮಾಳಿಗೆಯ ಆ ಭಾಗಕ್ಕೆ ಒಂದೇ ಕಿಟಕಿ, ಅದೂ ಮುಚ್ಚಿದ್ದು. ಎರಡೂಕಾಲು ಕಿಲೋ ಅನಿಲ ಬಿಡುಗಡೆಯಾದರೆ ಸುಮಾರು 1.2 ಘನ ಮೀಟರಾಗುತ್ತದೆ. ಮೂವತ್ತು ಘನ ಮೀಟರಿನ ಕೋಣೆಯಲ್ಲಿ ಅದು ಒಮ್ಮೆಲೇ ಹೊರಬಿದ್ದರೆ ನೂರಕ್ಕೆ ನಾಲ್ಕು ಪಾಲು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಪ್ರಾಣಾಪಾಯದ ಮಟ್ಟವೆಂದು ಗುರುತಿಸಿರುವುದೂ ಇಷ್ಟನ್ನೇ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಭಾರವಾದುದರಿಂದ ನೆಲಮಾಳಿಗೆಯಂಥ ತಗ್ಗಿನಲ್ಲೇ ಕೂಡಿಕೊಳ್ಳುತ್ತದೆ. ಎರಡು ವಾರದಲ್ಲಿ ಮೆಲ್ಲಗೆ ಸೋರಿದುದರಿಂದ ಏನೂ ಆಗಿರಲಿಲ್ಲ, ನಿಜ. ಮುಂದಿನ ಸಲವೂ ಮೆಲ್ಲಗೇ ಸೋರೀತೆಂದು ಹೇಳುವವರು ಯಾರು? ಅಂದು ರಾತ್ರಿಯೇ ಆ ಮೇಜನ್ನು ಮೇಲಕ್ಕೆ ಸಾಗಿಸಿದೆವು. "ಏನಾಯಿತು ದೊಡ್ಡಪ್ಪ?" ಎಂದು ಹುಡುಗಿ ಕೇಳಿದಳು. "ನಿಮ್ಮಪ್ಪನ ಪೀಪಾಯಿಗೆ ಉಬ್ಬಸ" ಎಂದೆ.

ಶುಕ್ರವಾರ ತಮ್ಮ ತುಂಬಿದ ಸಿಲಿಂಡರನ್ನು ತಂದ. ತಕ್ಕಡಿಯ ಮೇಲಿಟ್ಟು ತೂಗಿದ. ನಾನು, "ಮಾಪಕವಿದೆಯಲ್ಲ, ತೂಗುವುದೇಕೆ?" ಎಂದು ಕೇಳಿದೆ. ಆಗ ತಿಳಿಯಿತು, ಈ ಅನಿಲ ಸಿಲಿಂಡರಿನೊಳಗೆ ದ್ರವವಾಗಿ ಇರುತ್ತದೆ. ಒಂದು ಹನಿ ದ್ರವ ಉಳಿದಿರುವವರೆಗೂ ಮಾಪಕ ಒಂದೇ ಒತ್ತಡವನ್ನು ತೋರುತ್ತದೆ. ಬೆಚ್ಚನೆಯ ಕೋಣೆಯಲ್ಲಿ ಚದರ ಅಂಗುಲಕ್ಕೆ ಸುಮಾರು 850 ಪೌಂಡ್. ದ್ರವ ಮುಗಿದ ಮೇಲೆ ಸರಕ್ಕನೆ ಇಳಿಯುತ್ತದೆ. ತಿಂಗಳ ಕೊನೆಯವರೆಗೂ ಗತ್ತಿನಿಂದಿದ್ದು ಒಂದು ಬೆಳಿಗ್ಗೆ ಕೈಸಾಲಕ್ಕೆ ಬರುವ ಗೃಹಸ್ಥನ ಹಾಗೆ. ಅದೇ ಸಿಲಿಂಡರನ್ನು ಫ್ರಿಜ್ಜಿನಲ್ಲಿಟ್ಟರೆ, ಒಂದು ತೊಲೆಯಷ್ಟೂ ಸೋರದಿದ್ದರೂ, ಶೈತ್ಯದಿಂದಲೇ ಮುಳ್ಳು 550ರ ಆಸುಪಾಸಿಗೆ ಬರುತ್ತದೆ. ಹೊಸಬರು ಇದನ್ನು ಕಂಡು ಸೋರಿಕೆಯೆಂದು ಗಾಬರಿಯಾಗುತ್ತಾರಂತೆ. ಆದುದರಿಂದ ಸಿಲಿಂಡರಿನ ಹೆಗಲ ಮೇಲೆ ಅಚ್ಚೊತ್ತಿರುವ ಖಾಲಿ ತೂಕವನ್ನು ಕಳೆದು, ಉಳಿದುದನ್ನು ಅನಿಲವೆಂದು ಎಣಿಸುವುದೇ ಸರಿಯಾದ ಲೆಕ್ಕ.

ಆ ಪೀಪಾಯಿಯನ್ನು ಹತ್ತಿರದಿಂದ ನೋಡಿದಾಗ ನನಗೆ ಒಂದು ವಿಚಿತ್ರವಾದ ಪರಿಚಯದ ಭಾವ ಬಂದಿತು. ಸುಮಾರು 19 ಲೀಟರ್ ಹಿಡಿಯುವ ಈ ಪಾತ್ರೆಗೆ ಕಾರ್ನೀಲಿಯಸ್ ಪೀಪಾಯಿ ಎಂದು ಹೆಸರು. ಇದು ಬಿಯರಿಗಾಗಿ ಹುಟ್ಟಿದುದೇ ಅಲ್ಲ. ಅಮೆರಿಕದ ಅಂಗಡಿಗಳಿಗೆ ಸೋಡಾ ಪಾನೀಯಗಳ ಪಾಕವನ್ನು ಸಾಗಿಸುವುದಕ್ಕೆ ಮಾಡಿದ್ದು. ಕೋಕಾಕೋಲಾದವರದು ಒಂದು ಬಗೆಯ ಬಾಯಿ, ಪೆಪ್ಸಿಯವರದು ಇನ್ನೊಂದು ಬಗೆ. ಮುಂದೆ ಪಾಕವನ್ನು ರಟ್ಟಿನ ಪೆಟ್ಟಿಗೆಯೊಳಗಿನ ಚೀಲಗಳಲ್ಲಿ ತುಂಬುವ ರೂಢಿ ಬಂದಾಗ ಈ ಪೀಪಾಯಿಗಳು ನಿರುದ್ಯೋಗಿಗಳಾಗಿ ಅಗ್ಗಕ್ಕೆ ಮಾರಾಟವಾದವು. ಮನೆಯಲ್ಲಿ ಬಿಯರ್ ಮಾಡುವವರು ಕೊಂಡರು. ಇದರ ಮುಚ್ಚಳ ಅಂಡಾಕಾರ, ಬಾಯಿಯೂ ಅಂಡಾಕಾರ. ಮುಚ್ಚಳ ಬಾಯಿಗಿಂತ ತುಸು ದೊಡ್ಡದು. ಅದನ್ನು ಓರೆಯಾಗಿ ಒಳಗಿಳಿಸಿ, ತಿರುಗಿಸಿ, ಒಳಗಿನಿಂದ ಮೇಲಕ್ಕೆ ಎಳೆದು ಕೂರಿಸಬೇಕು. ಅಂಚಿನಲ್ಲಿ ರಬ್ಬರಿನ ಉಂಗುರ. ಪೀಪಾಯಿಗೆ ಅನಿಲ ತುಂಬಿದೊಡನೆ ಆ ಒತ್ತಡವೇ ಮುಚ್ಚಳವನ್ನು ಒಳಗಿನಿಂದ ಬಾಯಿಗೆ ಒತ್ತಿ ಹಿಡಿಯುತ್ತದೆ. ಒತ್ತಡ ಹೆಚ್ಚಿದಷ್ಟೂ ಹಿಡಿತ ಬಿಗಿ.

"ಇದು ಗೋಲಿಯಲ್ಲವೇನೋ!" ಎಂದು ನಾನು ಉದ್ಗರಿಸಿದೆ. ತಮ್ಮ ನಕ್ಕ. "ಹೂಂ, ಅಪ್ಪನ ಗೋಲಿಯೇ" ಎಂದ.

ಇಲ್ಲಿ ನಮ್ಮ ತಂದೆಯವರ ಕಸುಬನ್ನು ಹೇಳಬೇಕು. ಅರಸೀಕೆರೆಯ ರೈಲ್ವೆ ನಿಲ್ದಾಣದ ಹತ್ತಿರ ಅವರದು ಗೋಲಿ ಸೋಡಾದ ಅಂಗಡಿ. ರೈಲು ಬದಲಿಸುವ ಪ್ರಯಾಣಿಕರೂ ತೆಂಗಿನಕಾಯಿಯ ವ್ಯಾಪಾರಿಗಳೂ ಗಿರಾಕಿಗಳು. ನಮ್ಮಿಬ್ಬರ ಓದು, ನನ್ನ ಎಂ.ಎ. ಪದವಿಯೂ ಸೇರಿದಂತೆ, ಆ ಅಂಗಡಿಯಿಂದಲೇ ನಡೆಯಿತು. ಗೋಲಿಯ ಬಾಟಲಿಗೆ ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ ಪೇಟೆಂಟ್ ಪಡೆದದ್ದು 1870ರ ದಶಕದ ಆರಂಭದಲ್ಲಿ. ಬಾಟಲಿಯ ಕತ್ತಿನೊಳಗೆ ಒಂದು ಗಾಜಿನ ಗೋಲಿ, ಬಾಯಿಯ ಒಳ ಅಂಚಿನಲ್ಲಿ ರಬ್ಬರಿನ ಉಂಗುರ. ತಲೆಕೆಳಗಾಗಿ ಹಿಡಿದು ಅನಿಲ ತುಂಬಿದ ನೀರನ್ನು ಹೊಗಿಸಿದರೆ ಗೋಲಿ ಉರುಳಿಬಂದು ಉಂಗುರದ ಮೇಲೆ ಕೂರುತ್ತದೆ. ಒಳಗಿನ ಒತ್ತಡವೇ ಅದನ್ನು ಅಲ್ಲಿ ನಿಲ್ಲಿಸುತ್ತದೆ. ಬಿರಡೆ ಬೇಡ, ತಂತಿ ಬೇಡ. ಕೈದಿಯ ಬಲದಿಂದಲೇ ಸೆರೆಮನೆಯ ಬಾಗಿಲು ಮುಚ್ಚಿಕೊಂಡ ಹಾಗೆ. ಉಂಗುರ ಸವೆದ ಬಾಟಲಿಯನ್ನು ತಂದೆಯವರು ಶಬ್ದದಿಂದಲೇ ಕಂಡುಹಿಡಿಯುತ್ತಿದ್ದರು. ಬಾಗಿದ ಕಬ್ಬಿಣದ ಕಡ್ಡಿಯಿಂದ ಹಳೆಯ ಉಂಗುರವನ್ನು ಕಿತ್ತು ಹೊಸದನ್ನು ಕೂರಿಸುವ ಕೆಲಸ ನಮ್ಮಿಬ್ಬರದು.

ಇನ್ನೂ ಒಂದು ಸ್ವಾರಸ್ಯವಿದೆ. ಸೋಡಾ ಎಂಬುದು ಹುಟ್ಟಿನಿಂದ ಬಿಯರಿನ ಮಗು. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಜೋಸೆಫ್ ಪ್ರೀಸ್ಟ್ಲೆ ಎಂಬ ಪಾದ್ರಿ ಒಂದು ಬಿಯರ್ ಕಾರ್ಖಾನೆಯ ಮಗ್ಗುಲಲ್ಲಿ ವಾಸವಾಗಿದ್ದರು. ಹುದುಗುವ ತೊಟ್ಟಿಗಳ ಮೇಲೆ ನಿಂತಿರುವ ಭಾರವಾದ ಗಾಳಿಯಲ್ಲಿ ಉರಿಯುವ ಕಡ್ಡಿ ಆರುವುದನ್ನು ಕಂಡು ಅವರಿಗೆ ಕುತೂಹಲ ಹುಟ್ಟಿತು. ಆ ಗಾಳಿಯಲ್ಲಿ ನೀರನ್ನು ಪಾತ್ರೆಯಿಂದ ಪಾತ್ರೆಗೆ ಹೊಯ್ದು ನೋಡಿದರು. ನೀರಿಗೆ ಹಿತವಾದ ಚುರುಕು ಬಂದಿತು. 1772ರಲ್ಲಿ ಆ ವಿಧಾನವನ್ನು ಪ್ರಕಟಿಸಿದರು. ಮರುವರ್ಷ ರಾಯಲ್ ಸೊಸೈಟಿಯ ಕೋಪ್ಲಿ ಪದಕ ದೊರೆಯಿತು. ಸೋಡಾಕ್ಕೆಂದು ಮಾಡಿದ ಪಾತ್ರೆಯಲ್ಲಿ ಬಿಯರ್ ತುಂಬಿದ ನನ್ನ ತಮ್ಮ, ಅರಿಯದೆಯೇ, ಮಗುವನ್ನು ತವರಿಗೆ ಕರೆತಂದಂತಾಗಿತ್ತು.

ಇನ್ನು ಹುಡುಕಾಟಕ್ಕೆ ಬರೋಣ. ಮೊದಲು ನನಗೆ ತೋಚಿದ ಉಪಾಯ ಬಹು ಸುಲಭವಾಗಿತ್ತು. ಪೀಪಾಯಿಗೆ ಗಾಳಿ ತುಂಬು, ಕೊಳವೆ ತೆಗೆ, ಬೆಳಿಗ್ಗೆ ಒತ್ತಡ ಅಳೆ. ಇಳಿದಿದ್ದರೆ ಸೋರಿದೆ, ಇಳಿಯದಿದ್ದರೆ ಸೋರಿಲ್ಲ. ತಮ್ಮ ತಲೆಯಾಡಿಸಿದ. "ಅದರಿಂದ ಏನೂ ತಿಳಿಯುವುದಿಲ್ಲ, ಅಣ್ಣ. ಬಿಯರೇ ಗಾಳಿಯನ್ನು ಕುಡಿದುಬಿಡುತ್ತದೆ." ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ 1803ರಲ್ಲಿ ಕಂಡುಕೊಟ್ಟ ನಿಯಮವಿದು: ದ್ರವದ ಮೇಲೆ ಅನಿಲದ ಒತ್ತಡ ಎಷ್ಟೋ, ಅದಕ್ಕೆ ತಕ್ಕಷ್ಟು ಅನಿಲ ದ್ರವದಲ್ಲಿ ಕರಗುತ್ತದೆ. ದ್ರವ ತಣ್ಣಗಿದ್ದಷ್ಟೂ ಹೆಚ್ಚು ಕರಗುತ್ತದೆ. ಸುಮಾರು ಮೂರು ಡಿಗ್ರಿ ಶೈತ್ಯದಲ್ಲಿ ಚದರ ಅಂಗುಲಕ್ಕೆ 12 ಪೌಂಡಿನ ಒತ್ತಡವನ್ನು ಬಿಡದೆ ಇಟ್ಟರೆ, ಒಂದು ವಾರದ ಮೇಲೆ ಬಿಯರ್ ತನ್ನ ಗಾತ್ರದ ಎರಡೂವರೆ ಪಟ್ಟು ಅನಿಲವನ್ನು ಒಳಗೆ ಇಟ್ಟುಕೊಂಡಿರುತ್ತದೆ. ಹುರುಪಿಲ್ಲದ ಬಿಯರಿನ ಮೇಲೆ ಒತ್ತಡ ಹಾಕಿ ಬಾಯಿ ಮುಚ್ಚಿದರೆ ಬೆಳಗಾಗುವುದರೊಳಗೆ ಒತ್ತಡ ಇಳಿದಿರುತ್ತದೆ. ಆದರೆ ಗಾಳಿ ಹೊರಗೆ ಹೋಗಿರುವುದಿಲ್ಲ, ಒಳಗೆ ಹೋಗಿರುತ್ತದೆ. ಕಳೆದುಹೋದುದೆಲ್ಲ ಸೋರಿದುದಲ್ಲ. ತರಗತಿಯಲ್ಲಿ ಪಾಠ ಕೇಳುತ್ತ ಸುಮ್ಮನಿರುವ ಹುಡುಗರ ವಿಷಯದಲ್ಲಿಯೂ ಈ ಭೇದವನ್ನು ನೆನಪಿಡಬೇಕೆಂದು ನನಗೆ ಅನ್ನಿಸಿತು.

ಆದರೆ ಇಡೀ ಸಿಲಿಂಡರೇ ಖಾಲಿಯಾದುದಕ್ಕೆ ಬಿಯರಿನ ದಾಹ ಕಾರಣವಾಗಲಾರದು. ಎರಡು ಕಿಲೋವನ್ನು ಅದು ಕುಡಿಯದು. ಆದುದರಿಂದ ಸೋರಿಕೆ ನಿಜ. ಮಾಪಕದ ಸಾಕ್ಷ್ಯ ಮಾತ್ರ ನಂಬಲಾಗದ್ದು. ಕಣ್ಣಿಗೆ ಕಾಣುವ ಸಾಕ್ಷ್ಯ ಬೇಕು.

ನಮ್ಮೂರಿನ ಸೈಕಲ್ ಷಾಪಿನವನು ಏನು ಮಾಡುತ್ತಿದ್ದ? ಟ್ಯೂಬಿಗೆ ಗಾಳಿ ಹೊಡೆದು ನೀರಿನ ಬೋಗುಣಿಯಲ್ಲಿ ಅದ್ದಿ ತಿರುಗಿಸುತ್ತಿದ್ದ. ಗುಳ್ಳೆ ಎದ್ದಲ್ಲಿ ತೂತು. ನಾವೂ ಹಾಗೆಯೇ ಮಾಡಿದೆವು. ಪೀಪಾಯಿಗೆ 30 ಪೌಂಡಿನ ಒತ್ತಡ ಕೊಟ್ಟು, ಕೊಳವೆ ಬಿಡಿಸಿ, ಸ್ನಾನದ ತೊಟ್ಟಿಯ ತಣ್ಣೀರಿನಲ್ಲಿ ಮುಳುಗಿಸಿ, ಇಬ್ಬರೂ ತೊಟ್ಟಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತೆವು. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು, "ಭಾವ, ನೀವೂನಾ?" ಎಂದರು. ಹತ್ತು ನಿಮಿಷ ಕಣ್ಣಿಟ್ಟು ನೋಡಿದೆವು. ಮುಚ್ಚಳದ ಸುತ್ತ ಗುಳ್ಳೆಯಿಲ್ಲ. ಹೆಚ್ಚಾದ ಒತ್ತಡವನ್ನು ಬಿಡುವ ಕವಾಟದಲ್ಲಿ ಇಲ್ಲ. ಪೀಪಾಯಿಯ ತಲೆಯ ಮೇಲೆ ಎರಡು ಗೂಟಗಳಿವೆ, ಒಂದು ಅನಿಲ ಒಳಬರುವುದಕ್ಕೆ, ಇನ್ನೊಂದು ಬಿಯರ್ ಹೊರಹೋಗುವುದಕ್ಕೆ. ಅವುಗಳೊಳಗೆ ಸ್ಪ್ರಿಂಗಿನ ಮೇಲೆ ಕುಳಿತ ಪುಟ್ಟ ಬಿರಡೆಗಳಿವೆ; ಕೊಳವೆಯ ಹಿಡಿ ಕೂತಾಗ ತೆರೆಯುತ್ತವೆ, ತೆಗೆದೊಡನೆ ತಾವೇ ಮುಚ್ಚಿಕೊಳ್ಳುತ್ತವೆ. ಅಲ್ಲಿಯೂ ಇಲ್ಲ. ಪೀಪಾಯಿ ನಿರ್ದೋಷಿ.

ಹಾಗಾದರೆ ಸಿಲಿಂಡರಿನ ಕಡೆ ಇರಬೇಕು. ರೆಗ್ಯುಲೇಟರನ್ನು ಸಿಲಿಂಡರಿಗೆ ಬಿಗಿಯುವಲ್ಲಿ ಒಂದು ವಾಷರ್ ಇರುತ್ತದೆ. ಅನೇಕ ಮನೆಗಳಲ್ಲಿ ಕಳ್ಳ ಅಲ್ಲೇ ಅಡಗಿರುತ್ತಾನಂತೆ. ಅದನ್ನು ಬದಲಿಸಿದೆವು. ಸಾಬೂನಿನ ನೊರೆಯನ್ನು ಕುಂಚದಿಂದ ಪ್ರತಿಯೊಂದು ತಿರುಪಿಗೂ ಕೊಳವೆಯ ಹಿಡಿಗೂ ಬಳಿದೆವು. ನಮ್ಮ ಅಡಿಗೆಮನೆಗಳಲ್ಲಿ ಗ್ಯಾಸಿನ ಕೊಳವೆಯನ್ನು ಪರೀಕ್ಷಿಸುವ ಹಾಗೆ. ಗುಳ್ಳೆಯಿಲ್ಲ. ಕೊಳವೆಯನ್ನು ಪೀಪಾಯಿಗೆ ಸೇರಿಸದೆ, ಒತ್ತಡ ತುಂಬಿ, ಸಿಲಿಂಡರಿನ ಬಾಯಿ ಮುಚ್ಚಿ, ಮುಳ್ಳು ನಿಂತ ಜಾಗಕ್ಕೆ ಪೆನ್ಸಿಲಿನ ಗೆರೆ ಎಳೆದು ಮಲಗಿದೆವು. ಇಲ್ಲಿ ಕುಡಿಯುವುದಕ್ಕೆ ಬಿಯರ್ ಇಲ್ಲದುದರಿಂದ ಮುಳ್ಳಿನ ಮಾತನ್ನು ನಂಬಬಹುದು. ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಮುಳ್ಳು ಗೆರೆಯ ಮೇಲೆಯೇ ಇತ್ತು. ಸಿಲಿಂಡರೂ ನಿರ್ದೋಷಿ.

ಇದು ಎಂಥ ನ್ಯಾಯ? ಪೀಪಾಯಿ ಬೇರೆಯಿದ್ದಾಗ ಸೋರದು; ಸಿಲಿಂಡರ್ ಬೇರೆಯಿದ್ದಾಗ ಸೋರದು; ಎರಡನ್ನೂ ಕೂಡಿಸಿದರೆ ಹದಿನೈದು ದಿನಕ್ಕೆ ಎರಡು ಕಿಲೋ ಮಾಯ. ನಾನು ಕಾಫಿಯ ಲೋಟ ಹಿಡಿದು ಯೋಚಿಸಿದೆ. ಪ್ರತಿವರ್ಷವೂ ಮೊದಲನೆಯ ತರಗತಿಯವರಿಗೆ ನಾನು ಹೇಳಿಕೊಡುವ ಪಾಠ ನೆನಪಾಯಿತು. "ಊರು" ಎಂಬುದು ಪೂರ್ಣವಾದ ಪದ. "ಅಲ್ಲಿ" ಎಂಬುದೂ ತನ್ನಷ್ಟಕ್ಕೆ ಕುಂದಿಲ್ಲದ್ದು. ಎರಡೂ ಕೂಡಿ "ಊರಲ್ಲಿ" ಆದಾಗ ಒಂದು ಉಕಾರ ಕಾಣೆಯಾಗುತ್ತದೆ. ಅದು ಇವುಗಳಲ್ಲಿ ಯಾವುದರ ತಪ್ಪೂ ಅಲ್ಲ, ಲೋಪವಾಗುವುದು ಸಂಧಿಯಲ್ಲಿ. "ಕೂಡುವ ಜಾಗ ನೋಡೋ" ಎಂದೆ.

ಕೂಡುವ ಜಾಗವೆಂದರೆ ಪೀಪಾಯಿಯ ಅನಿಲದ ಗೂಟ. ಅದರ ಹೊರಮೈಯಲ್ಲಿ ಒಂದು ಗಾಡಿಯಿದೆ. ಗಾಡಿಯಲ್ಲಿ ತೆಳುವಾದ ರಬ್ಬರಿನ ಉಂಗುರ ಕುಳಿತಿದೆ. ಕೊಳವೆಯ ಹಿಡಿ ಅದರ ಮೇಲೆ ಟೋಪಿಯ ಹಾಗೆ ಕೂರುತ್ತದೆ. ಹಿಡಿ ಇಲ್ಲದಾಗ ಆ ಉಂಗುರಕ್ಕೆ ಯಾವ ಕೆಲಸವೂ ಇಲ್ಲ. ಒಳಗಿನ ಬಿರಡೆಯೇ ಅನಿಲವನ್ನು ತಡೆಯುತ್ತದೆ. ಹಿಡಿ ಕೂತು ಬಿರಡೆ ತೆರೆದ ಮೇಲೆ ಮಾತ್ರ, ಹೊರಗಿನ ಗಾಳಿಗೂ ಒಳಗಿನ ಒತ್ತಡಕ್ಕೂ ನಡುವೆ ಉಳಿಯುವುದು ಆ ಉಂಗುರವೊಂದೇ. ಪೀಪಾಯಿಯನ್ನು ಅಂಗಳಕ್ಕೆ ತಂದು ಕೊಳವೆ ಸೇರಿಸಿ ನೊರೆ ಬಳಿದೆವು. ಕಾದೆವು. ಗುಳ್ಳೆ ಬರಲಿಲ್ಲ!

ತಮ್ಮ ಕುಂಚವನ್ನು ನೆಲಕ್ಕೆ ಎಸೆದ. ನನಗೂ ನಾಚಿಕೆಯಾಯಿತು, ವ್ಯಾಕರಣದಿಂದ ಕೊಳಾಯಿ ರಿಪೇರಿ ಮಾಡಹೊರಟವನಿಗೆ ತಕ್ಕ ಶಾಸ್ತಿ. ಆಗ ನನ್ನ ಕಣ್ಣಮುಂದೆ ಬಂದದ್ದು ತಂದೆಯವರು. ಸೋಡಾ ತುಂಬಿದ ಬಾಟಲಿಯನ್ನು ಅವರು ನೆಟ್ಟಗೆ ನಿಲ್ಲಿಸಿ ಪರೀಕ್ಷಿಸುತ್ತಿರಲಿಲ್ಲ. ಮರದ ಪೆಟ್ಟಿಗೆಯಲ್ಲಿ ಮಲಗಿಸಿ, ಪೆಟ್ಟಿಗೆಯನ್ನು ಒಮ್ಮೆ ಅಲುಗಿಸಿ, ಕಿವಿಗೊಡುತ್ತಿದ್ದರು. "ಅಂಗಡೀಲಿ ಸೋರದೆ ಇದ್ರೆ ಏನು ಬಂತು? ಗಾಡಿ ಮೇಲೆ ಹೆಂಗಿರುತ್ತೋ ಹಂಗಿಟ್ಟು ನೋಡಬೇಕು" ಎನ್ನುತ್ತಿದ್ದರು. ಆ ಮಾತನ್ನು ನಾನು ಹಾಗೆಯೇ ತಮ್ಮನಿಗೆ ನೆನಪಿಸಿದೆ. ಅವನು ಮಾತಾಡದೆ ಎದ್ದ. ಪೀಪಾಯಿಯನ್ನು ಮತ್ತೆ ಫ್ರಿಜ್ಜಿನೊಳಗೆ, ಅದು ದಿನವೂ ಇರುತ್ತಿದ್ದ ಜಾಗದಲ್ಲೇ ಇಟ್ಟೆವು. ಕೊಳವೆ ಮೋಟು, ಸಿಲಿಂಡರಿನಿಂದ ಪೀಪಾಯಿಗೆ ಬರುವಾಗ ಅದು ಬಿಲ್ಲಿನಂತೆ ಬಾಗಿ ಹಿಡಿಯನ್ನು ಒಂದು ಮಗ್ಗುಲಿಗೆ ಎಳೆಯುತ್ತಿತ್ತು. ಬಾಗಿಲು ಮುಚ್ಚಿದಾಗ ಇನ್ನಷ್ಟು ಎಳೆಯುತ್ತಿರಬೇಕು. ನೊರೆ ಬಳಿದು ದೀಪ ಹಿಡಿದೆವು. ಹಿಡಿಯ ಅಂಚಿನಲ್ಲಿ, ಎಳೆತದ ಎದುರು ಬದಿಗೆ, ಸಾಸಿವೆಯಷ್ಟು ಗುಳ್ಳೆಯೊಂದು ಎದ್ದು, ಕಡಲೆಯಷ್ಟಾಗಿ, ಒಡೆಯಿತು. ಹಿಂದೆಯೇ ಇನ್ನೊಂದು. ಆಮೇಲೆ ಇನ್ನೊಂದು.

ಹಿಡಿ ತೆಗೆದು ಉಂಗುರವನ್ನು ಸೂಜಿಯಿಂದ ಎತ್ತಿದೆವು. ಒಂದು ಕಡೆ ಚಪ್ಪಟೆಯಾಗಿ, ಅಲ್ಲೊಂದು ಕೂದಲೆಳೆಯ ಬಿರುಕು. ಕಿರುಬೆರಳಿಗೂ ಹೋಗದಷ್ಟು ಚಿಕ್ಕ ಉಂಗುರ. ಬೆಲೆ ಕೆಲವು ಸೆಂಟುಗಳು. ಅದಕ್ಕಾಗಿ ಮೂರು ಸಿಲಿಂಡರು. ಹೊಸ ಉಂಗುರಕ್ಕೆ ಆಹಾರಕ್ಕೆ ತಗಲಬಹುದಾದ ಬಗೆಯ ಗ್ರೀಸನ್ನು ತೆಳುವಾಗಿ ಸವರಿ ಕೂರಿಸಿದೆವು. ಇಷ್ಟರಿಂದಲೇ ಸಾಲದೆಂದು ತಮ್ಮ ಕೊಳವೆಯನ್ನೂ ಉದ್ದನೆಯದಕ್ಕೆ ಬದಲಿಸಿದ. ಎಳೆತ ಹೋಗದೆ ಉಂಗುರ ಎಷ್ಟು ದಿನ ಬಾಳೀತು? ಮತ್ತೆ ನೊರೆ ಬಳಿದೆವು, ಹಿಡಿಯನ್ನು ಬೇಕೆಂದೇ ಎಳೆದೆವು. ನೊರೆ ಸುಮ್ಮನೆ ಒಣಗಿತು. ನೆಲಮಾಳಿಗೆಗೆ ಇಂಗಾಲದ ಡೈಆಕ್ಸೈಡ್ ಏರಿದರೆ ಕೂಗುವ ಒಂದು ಯಂತ್ರವನ್ನು ಕೊಂಡುತರುವುದಾಗಿ ಅವನು ಹೆಂಡತಿಗೆ ಮಾತುಕೊಟ್ಟ. ಸಂಜೆಯೇ ತಂದು ಗೋಡೆಯ ಬುಡದಲ್ಲಿ ಸಿಕ್ಕಿಸಿದ.

ಉಳಿದದ್ದು ಭಾನುವಾರದ ಊಟ. ಒಂದು ವಾರ ಕಾದರೆ ಬಿಯರ್ ತಾನಾಗಿ ಹುರುಪುಗೊಳ್ಳುತ್ತದೆ. ನಮಗಿದ್ದದ್ದು ಒಂದು ದಿನ. ಅವಸರದ ದಾರಿ ಒಂದಿದೆ. ಅನಿಲದ ಗೂಟ ಮೇಲಿರುವಂತೆ ಪೀಪಾಯಿಯನ್ನು ಮಲಗಿಸಿ, 30 ಪೌಂಡಿನ ಒತ್ತಡ ಕೊಟ್ಟು, ಹಿಂದಕ್ಕೂ ಮುಂದಕ್ಕೂ ಉರುಳಿಸುವುದು. ಒಳಗೆ ಬಿಯರ್ ಕದಡಿದಷ್ಟೂ ಅನಿಲಕ್ಕೆ ಕರಗುವ ಮೈ ಹೆಚ್ಚು. ನೆಲಕ್ಕೆ ಕಂಬಳಿ ಹಾಸಿ ಎದುರುಬದುರಾಗಿ ಕುಳಿತೆವು. ಅವನು ನನ್ನತ್ತ ತಳ್ಳುವುದು, ನಾನು ಅವನತ್ತ ತಳ್ಳುವುದು. ಸಿಲಿಂಡರಿನಿಂದ ಅನಿಲ ಸರಿಯುವ ಸುಯ್ಯೆಂಬ ಶಬ್ದ. ಅಪ್ಪನ ಸೋಡಾ ಯಂತ್ರದಲ್ಲಿ ಬಾಟಲಿಗಳ ಪಂಜರವನ್ನು ಚಕ್ರ ಹಿಡಿದು ತಿರುಗಿಸುತ್ತಿದ್ದುದೂ ಇದಕ್ಕೇ. ಒಂದು ಪಾಳಿ ನನ್ನದು, ಒಂದು ಪಾಳಿ ಅವನದು.

"ಆ ಮಿಷನ್ನು ಗುಜರಿಗೆ ಎಷ್ಟಕ್ಕೆ ಹೋಯಿತು, ಅಣ್ಣ?" ಎಂದು ಅವನು ಕೇಳಿದ. ಉರುಳಿಸುವುದನ್ನು ನಿಲ್ಲಿಸಲಿಲ್ಲ.

2012ರಲ್ಲಿ ಮನೆ ಖಾಲಿ ಮಾಡುವಾಗ ನಾನು ಅದನ್ನು ಮಾರಿದ್ದೆ. ಅವನನ್ನು ಕೇಳಿರಲಿಲ್ಲ. ಅನಂತರ ಹೇಳಿಯೂ ಇರಲಿಲ್ಲ. ಯಂತ್ರ ದೊಡ್ಡಮ್ಮನ ಹಿತ್ತಿಲಲ್ಲಿದೆಯೆಂದು ಅವನು ತಿಳಿದಿರುವನೆಂದೇ ಇಷ್ಟು ವರ್ಷ ನಂಬಿಕೊಂಡಿದ್ದೆ. ಅಥವಾ ನಂಬುವುದು ಅನುಕೂಲವಾಗಿತ್ತು.

"ಎಂಟುನೂರು ರೂಪಾಯಿ" ಎಂದೆ. "ನಿನಗೆ ಯಾರು ಹೇಳಿದರು?"

"ಆ ವರ್ಷವೇ ದೊಡ್ಡಮ್ಮ ಹೇಳಿದ್ದರು."

"ನನ್ನನ್ನು ಕೇಳಬಹುದಾಗಿತ್ತಲ್ಲ."

"ಕೇಳಿದರೆ ನಿನಗೆ ಬೇಜಾರಾಗುತ್ತೇಂತ ಕೇಳಲಿಲ್ಲ. ನೀನು ಯಾಕೆ ಹೇಳಲಿಲ್ಲ?"

"ಹೇಳಿದರೆ ನಿನಗೆ ಬೇಜಾರಾಗುತ್ತೇಂತ."

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪೀಪಾಯಿ ನಮ್ಮ ನಡುವೆ ಹೋಗಿಬಂದು ಮಾಡುತ್ತಿತ್ತು. ಆಮೇಲೆ ಅವನು, ಆ ಯಂತ್ರವನ್ನು ತನ್ನಲ್ಲಿಗೆ ತರಿಸಿಕೊಳ್ಳಬೇಕೆಂದು ಹಡಗಿನ ಸಾಗಾಟದ ದರವನ್ನು ವಿಚಾರಿಸಿದ್ದನ್ನು ಹೇಳಿದ. ನಾನು, ಗುಜರಿಯವನು ಚಕ್ರವನ್ನು ಸುತ್ತಿಗೆಯಿಂದ ಬಡಿದು ಬಿಡಿಸಿದಾಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡದ್ದನ್ನು ಹೇಳಿದೆ. ಯಾರಿಗೂ ಅದನ್ನು ಹೇಳಿರಲಿಲ್ಲ. ಸಿಲಿಂಡರಿನ ಸುಯ್ಯೆಂಬ ಶಬ್ದ ಕ್ರಮೇಣ ನಿಂತಿತು. "ಸಾಕು, ಕುಡೀತು" ಎಂದು ಅವನು ಎದ್ದ.

ಭಾನುವಾರ ಬಂದವರು ಬಿಯರನ್ನು ಮೆಚ್ಚಿಕೊಂಡರು. ನೊರೆ ಎರಡು ಬೆರಳು ನಿಂತಿತೆಂದು ಅವರ ಹೊಗಳಿಕೆ; ಅದರ ರುಚಿಯ ವಿಷಯದಲ್ಲಿ ನಾನು ಸಾಕ್ಷಿಯಾಗಲಾರೆ. ನನಗಾಗಿ ತಮ್ಮ ಅಂದು ಬೆಳಿಗ್ಗೆ ಇನ್ನೊಂದು ಪೀಪಾಯಿಯಲ್ಲಿ ಬರಿಯ ತಣ್ಣೀರು ತುಂಬಿ, ಅನಿಲ ಕೊಟ್ಟು, ಮಗಳನ್ನು ಎದುರಿಗೆ ಕೂರಿಸಿಕೊಂಡು ಉರುಳಿಸಿದ್ದ. ನಿಂಬೆಹಣ್ಣು ಹಿಂಡಿ, ಚಿಟಿಕೆ ಉಪ್ಪು ಹಾಕಿ ಲೋಟವನ್ನು ಕೈಗೆ ಕೊಟ್ಟ. ಕುಡಿದೆ. ಮೂಗಿನ ತುದಿಗೆ ಚುರುಗುಟ್ಟಿತು.

"ಹೇಗಿದೆ?" ಎಂದ.

"ಉಪ್ಪು ಒಂದು ಕಾಳು ಹೆಚ್ಚು" ಎಂದೆ. ಅಪ್ಪನ ಸೋಡಾಕ್ಕೂ ನಾವಿಬ್ಬರೂ ಹೀಗೆಯೇ ಹೇಳುತ್ತಿದ್ದೆವು.

ಈಗ ನಮ್ಮ ಭಾನುವಾರದ ಮಾತು ಹತ್ತು ನಿಮಿಷಕ್ಕೆ ಮುಗಿಯುವುದಿಲ್ಲ. ಕಳೆದ ವಾರ ಕೇಳಿದೆ, ಸಿಲಿಂಡರ್ ಹೇಗಿದೆಯೆಂದು. ಒಂಬತ್ತನೆಯ ಪೀಪಾಯಿ ನಡೆಯುತ್ತಿದೆ, ತಕ್ಕಡಿಯಲ್ಲಿ ಇನ್ನೂ ಸ್ವಲ್ಪ ತೂಕ ತೋರುತ್ತದೆ ಎಂದ.